ಕಾಣೆಯಾದ ಅರೆಗಳಿಗೆ

ಓಂಕಾರಮೂರ್ತಿಯವರು ಸೀರೆಯ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿದರು.

"ಸಿದ್ದಕ್ಕ, ಇದು ನವಿಲಾ, ಕತ್ತು ಮುರಿದ ಕೋಳಿಯಾ?"

ಶೆಡ್ಡಿನಲ್ಲಿ ಮಗ್ಗಗಳ ಮೇಲಿದ್ದವರು ನಕ್ಕರು. ಅವ್ವ ನಗಲಿಲ್ಲ. ನಾನು ಬಾಗಿಲಾಚೆ ಚಪ್ಪಲಿಗಳ ಪಕ್ಕದಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದೆ. ಭಾನುವಾರ ನನಗೆ ರಜೆ, ಮಗ್ಗಕ್ಕೆ ಇಲ್ಲ. ಅಲ್ಲಿಂದಲೇ ನನಗೆ ಸೆರಗು ಕಾಣುತ್ತಿತ್ತು. ಸಾಲಿನ ಮೊದಲ ನವಿಲುಗಳೆಲ್ಲ ಸರಿಯಾಗಿದ್ದವು. ಕೊನೆಯದರ ಕತ್ತಿನಲ್ಲಿ ಮಾತ್ರ ಜರಿ ಪಕ್ಕಕ್ಕೆ ಸರಿದು, ತಲೆ ಒಂದು ಕಡೆ, ಮೈ ಒಂದು ಕಡೆ ಆಗಿತ್ತು.

"ಬೆಳಿಗ್ಗೆ ನೇಯ್ದಿದ್ದು ಮುತ್ತಿನಂಗೈತೆ. ಊಟ ಆದ್ಮೇಲಿಂದು ನೋಡಿದ್ರೆ ಹಿಂಗೆ. ಮಗ್ಗದ ಮ್ಯಾಲೆ ನಿದ್ದೆ ಮಾಡ್ತೀಯೇನಮ್ಮ?"

"ಇಲ್ಲ ಸಾವ್ಕಾರ್ರೆ."

"ಕಣ್ಣು ಮಂಜಾಗೈತಾ?"

"ಕಣ್ಣು ಚೆನ್ನಾಗೈತ್ರಿ."

"ನಿದ್ದೇನೂ ಇಲ್ಲ, ಕಣ್ಣೂ ಚೆನ್ನಾಗೈತೆ. ಹಂಗಾದ್ರೆ ನವಿಲು ತಾನೇ ಕತ್ತು ಮುರ್ಕಂತು ಅನ್ನು." ಅವರು ಸೆರಗನ್ನು ಮಡಿಸಿ ಅವ್ವನ ತೊಡೆಯ ಮೇಲಿಟ್ಟರು. ಕೋಪದ ದನಿಯಲ್ಲ, ಬೇಸರದ್ದು. "ನೋಡು, ಈಗ ಮಗ್ಗದ ಮ್ಯಾಲಿರೋ ಸೀರೆ ಮುಗಿಸ್ಕೊಡು. ಮುಂದಿನ ಸೀರೆಗೆ ಗಂಗರಾಜು ಕೂರ್ತಾನೆ. ನೀನು ಕಂಡಿಕೆ ಸುತ್ತೋವಂತೆ."

ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕೊಳವೆ. ಅದನ್ನು ಸುತ್ತುವುದು ಕೈ ನಡುಗುವ ಮುದುಕಿಯರಿಗೂ ಕೆಲಸ ಕಲಿಯಲು ಬಂದವರಿಗೂ ಕೊಡುವ ಕೆಲಸ. ನಾನು ಹುಟ್ಟುವ ಮೊದಲಿನಿಂದಲೂ ಅವ್ವ ಈ ಮೊಳಕಾಲ್ಮೂರಿನ ಶೆಡ್ಡಿನಲ್ಲಿ ರೇಷ್ಮೆ ನೇಯ್ದವಳು. ಅವಳು ತಲೆಯೆತ್ತಲಿಲ್ಲ. "ಆಗ್ಲಿ ಸಾವ್ಕಾರ್ರೆ" ಎಂದಳು. ತಪ್ಪು ತನ್ನದೇ ಎಂದು ಅವಳು ಆಗಲೇ ನಂಬಿಬಿಟ್ಟಿದ್ದಳು.

ಮೊದಲು ಆ ಮಗ್ಗದ ನೆತ್ತಿಯ ಮೇಲೆ ರಟ್ಟಿನ ಕಾರ್ಡುಗಳ ದೊಡ್ಡ ಸರಪಳಿ ತೂಗುತ್ತಿತ್ತು. ಒಂದೊಂದು ಕಾರ್ಡಿನ ತೂತು ನೋಡಿ ಮಗ್ಗ ಯಾವ ಎಳೆ ಎತ್ತಬೇಕೆಂದು ತಿಳಿಯುತ್ತಿತ್ತು. ಆಮೇಲೆ ಚಳ್ಳಕೆರೆಯ ಶಶಿಕಾಂತಣ್ಣ ತಯಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು. ನವಿಲಿನ ನಕ್ಷೆಯೆಲ್ಲ ಪೆಟ್ಟಿಗೆಯೊಳಗಿನ ಚಿಪ್‌ನಲ್ಲಿ. ನೇಕಾರ ಪೆಡಲು ತುಳಿಯಲು ಶುರುಮಾಡಿದ ಕೂಡಲೇ ಪೆಟ್ಟಿಗೆ ವಿದ್ಯುತ್ ಸುರುಳಿಗಳಿಗೆ ಆಣತಿ ಕೊಡುತ್ತದೆ, ಸುರುಳಿಗಳು ಬೇಕಾದ ಕೊಕ್ಕೆಗಳನ್ನು ಎಳೆದುಕೊಳ್ಳುತ್ತವೆ, ಪೆಡಲು ಪೂರ್ತಿ ಕೆಳಗೆ ಹೋದಾಗ ಆ ಕೊಕ್ಕೆಗಳ ಎಳೆಗಳು ಮೇಲೇಳುತ್ತವೆ. ಈ ವರ್ಷ ಹಳೆಯ ಪೆಟ್ಟಿಗೆ ತೆಗೆದು ಹೊಸದು ಹಾಕಿದ್ದರು. ಹೊಸದಕ್ಕೆ ಬಣ್ಣದ ಪರದೆಯಿತ್ತು. ಅದಕ್ಕಿಂತ ಹೆಚ್ಚಾಗಿ ಎಲ್ಲರಿಗೂ ಹಿಡಿಸಿದ್ದು ಅದರ ಪೆಡಲು. ಹಳೆಯ ಪೆಟ್ಟಿಗೆಯಲ್ಲಿ ತುಳಿಯುವಾಗ ಪೆಡಲು ನಡುವೆ ಅರೆಗಳಿಗೆ ಕಚ್ಚಿಕೊಂಡು ಆಮೇಲೆ ಇಳಿಯುತ್ತಿತ್ತು. ಹೊಸದರಲ್ಲಿ ಬೆಣ್ಣೆಯಂತೆ ನುಣ್ಣಗೆ ಇಳಿದುಹೋಗುತ್ತಿತ್ತು. ಓಂಕಾರಮೂರ್ತಿಯವರು ಬಂದವರಿಗೆಲ್ಲ ಅದನ್ನು ತುಳಿದು ತೋರಿಸಿ, ರಾಂಪುರದವರೆಗೂ ಹೇಳಿ ಮಾರಿಸಿದ್ದರು. ಓಂಕಾರಮೂರ್ತಿಯವರಿಗೆ ಶಶಿಕಾಂತಣ್ಣ ದೂರದ ಅಳಿಯನ ವರಸೆ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಚಳ್ಳಕೆರೆಯಲ್ಲಿ ಶಶಿಕಾಂತಣ್ಣನ ಅಂಗಡಿಗೆ ಮೊದಲು ಕಸ ಗುಡಿಸಲು, ವೈರು ಸುಲಿಯಲು ಹೋದೆ. ಆಮೇಲೆ ಬೆಸುಗೆ ಕಲಿತೆ. ಆಮೇಲೆ ಅವರೇ ಲ್ಯಾಪ್‌ಟಾಪ್ ಮುಂದೆ ಕೂರಿಸಿದರು. "ನೀನು ಮಾತಾಡಲ್ಲ, ನೋಡ್ತೀಯ. ಈ ಕೆಲಸಕ್ಕೆ ಅದೇ ಬೇಕಾಗಿರೋದು" ಎಂದಿದ್ದರು. ಅವರು ಪ್ರೋಗ್ರಾಮ್ ಬರೆಯುವುದು ಮನುಷ್ಯರು ಓದಬಹುದಾದ ಭಾಷೆಯಲ್ಲಿ. ಚಿಪ್‌ಗೆ ಅದು ಬಾರದು. ನಡುವೆ ಕಂಪೈಲರ್ ಎಂಬುದು ಕೂತು ಇವರು ಬರೆದಿದ್ದನ್ನು ಚಿಪ್‌ನ ಆಣತಿಗಳಾಗಿ ಮಾಡುತ್ತದೆ. ಹಿಂದೆ ನಕ್ಷೆ ಬರೆಯುವವರು ಚೌಕುಳಿ ಹಾಳೆಯ ಮೇಲೆ ನವಿಲು ಬರೆದುಕೊಟ್ಟರೆ, ಕಾರ್ಡಿಗೆ ತೂತು ಹೊಡೆಯುವವನು ಬೇರೆಯೇ ಇರುತ್ತಿದ್ದ. ಅವನಿಗೆ ನವಿಲು ಬೇಕಿರಲಿಲ್ಲ, ಚೌಕ ತುಂಬಿದೆಯೋ ಖಾಲಿಯೋ ಅಷ್ಟೇ. ಕಂಪೈಲರನ್ನೂ ನಾನು ಅಂಥವನೆಂದೇ ತಿಳಿದಿದ್ದೆ. ಕೊಟ್ಟ ಹಾಳೆಗೆ ತಕ್ಕ ತೂತು ಹೊಡೆಯುವವನು.

ಸೋಮವಾರ ಅಂಗಡಿಯಲ್ಲಿ, ಶಶಿಕಾಂತಣ್ಣ ಟೀ ಕುಡಿಯುವ ಹೊತ್ತು ನೋಡಿ ಕೇಳಿದೆ. "ಅಣ್ಣ, ಹೊಸ ಪೆಟ್ಟಿಗೇಲಿ ಏನಾದ್ರೂ ತಪ್ಪಿರಬಹುದಾ?"

"ಯಾಕೆ?"

ನವಿಲಿನ ಕತೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. "ಬಾ ಇಲ್ಲಿ. ಪರದೇದು ಬಿಟ್ರೆ ಹಳೇದ್ರಲ್ಲಿ ಇದ್ದಿದ್ದೇ ಹೊಸದ್ರಲ್ಲೂ ಐತೆ. ಪೆಡಲು ಅಲುಗಿದ ತಕ್ಷಣ ಸುರುಳಿಗೆ ಆಣತಿ. ಪೆಡಲಿಗೆ ಅಡ್ಡ ಒಂದು ಮೊಳೆ ಐತಲ್ಲ, ಅದು ಹಿಡ್ಕಂಡಿರ್ತದೆ. ಇಲ್ಲಿ ನೋಡು, ಪ್ರೋಗ್ರಾಮು ಸುಮ್ಮನೆ ಸೊನ್ನೆಯಿಂದ ಎಣಿಸ್ತಾ ಹೋಗ್ತದೆ. ಬೇರೆ ಏನೂ ಮಾಡಲ್ಲ. ಕೊಕ್ಕೆ ಸರಿಯಾಗಿ ಕೂರೋಕೆ ಟೈಮು ಕೊಡ್ತದೆ. ಎಣಿಸಿ ಮುಗಿದ ಮ್ಯಾಲೆ ಮೊಳೆ ಬಿಡ್ತದೆ. ಎಲ್ಲಾ ಐತೆ."

ನಾನು ಕಣ್ಣಾರೆ ನೋಡಿದೆ. ಎಲ್ಲಾ ಇತ್ತು.

"ನಿಮ್ಮವ್ವಂಗೆ ಒಂದ್ಸಲ ಕಣ್ಣು ತೋರಿಸಮ್ಮ" ಎಂದರು. ಕೆಟ್ಟದಾಗಿ ಹೇಳಲಿಲ್ಲ.

ಮುಂದಿನ ಭಾನುವಾರ ಡಬ್ಬಿ ಕೊಟ್ಟು ಮನೆಗೆ ಹೋಗದೆ ಅವ್ವನ ಮಗ್ಗದ ಪಕ್ಕದಲ್ಲೇ ಕೂತೆ. ಕೈ ನೋಡಿದೆ, ಕಣ್ಣು ನೋಡಿದೆ. ಎರಡರಲ್ಲೂ ಏನೂ ಕಾಣಲಿಲ್ಲ. ಆಮೇಲೆ ಮಗ್ಗದ ಕೆಳಗಿನ ಗುಣಿಯೊಳಗೆ ಅವಳ ಕಾಲು ನೋಡಿದೆ. ಬೆಳಿಗ್ಗೆ ಕಾಲು ಒಂದೇ ಸಮ ತುಳಿಯುತ್ತಿತ್ತು. ಊಟವಾಗಿ ಚಾವಣಿಯ ತಗಡಿನ ಶೀಟು ಕಾದು ಶೆಡ್ಡಿನಲ್ಲಿ ಸೆಕೆ ಏರಿದ ಮೇಲೆ ಕಾಲಿನ ನಡೆ ಬೇರೆಯಾಯಿತು. ಅವ್ವ ಪೆಡಲನ್ನು ಅರ್ಧ ಇಳಿಸಿ, ಒಂದು ಉಸಿರು ತಡೆದು, ಆಮೇಲೆ ಪೂರ್ತಿ ತುಳಿಯುತ್ತಿದ್ದಳು. ಹಾಗೆ ತುಳಿದಾಗೆಲ್ಲ ನವಿಲು ಸರಿಯಾಗಿ ಬರುತ್ತಿತ್ತು.

"ಯಾಕವ್ವ ಹಂಗೆ ನಿಲ್ಲಿಸ್ತೀಯ?"

ಅವಳು ನಾಚಿಕೊಂಡಳು. "ಮಧ್ಯಾಹ್ನ ಆದ್ರೆ ಕಾಲು ಮಾತು ಕೇಳಲ್ಲ ಕಣೆ. ಜೋರಾಗಿ ತುಳಿದ್ರೆ ತಪ್ಪಿಬಿಡ್ತದೆ. ಹಿಂಗೆ ತಡೆದು ತಡೆದು ತುಳಿದ್ರೆ ಸರಿಹೋಗ್ತದೆ. ಯಾರಿಗೂ ಹೇಳಬ್ಯಾಡ. ಸಾವ್ಕಾರ್ರು ಆಗ್ಲೇ ನಿಧಾನ ಅಂತಾರೆ."

"ನಾನು ತುಳೀಲಾ?"

ಸೆರಗು ಮುಗಿದ ಮೇಲೆ, ಕತ್ತರಿಸಿ ಬಿಸಾಡುವ ತುದಿಯಲ್ಲಿ ತುಳಿಯಲು ಬಿಟ್ಟಳು. ಚಿಕ್ಕಂದಿನಿಂದ ನೋಡಿದ ಕೆಲಸ. ತಡೆಯದೆ ತುಳಿದೆ. ಮೊದಲ ಹೊಕ್ಕಿನಲ್ಲಿ, ಅಂದರೆ ಮೊದಲ ಅಡ್ಡ ಎಳೆಯಲ್ಲಿ, ಏನೂ ಆಗಲಿಲ್ಲ. ಕತ್ತಿನ ತಿರುವು ಬರುತ್ತಿದ್ದಂತೆ ಎಳೆಗಳು ಮೇಲೇಳಬೇಕಾದಲ್ಲಿ ಏಳಲಿಲ್ಲ. ಜರಿ ಪಕ್ಕಕ್ಕೆ ಸರಿಯಿತು. ಅದೇ ಮುರಿದ ಕತ್ತು.

"ನೋಡಿದ್ಯಾ, ನಿಂಗೂ ಬಂದೈತೆ. ನಮ್ಮ ವಂಶದ ಕಾಲೇ ಹಂಗೆ" ಎಂದು ಅವ್ವ ನಕ್ಕಳು.

ನನಗೆ ನಗು ಬರಲಿಲ್ಲ. ನನ್ನ ಕಾಲಿಗೆ ವಯಸ್ಸಾಗಿರಲಿಲ್ಲ. ಪೆಡಲಿನ ನಡುವೆ ಮೊಳೆ ತಡೆಯಬೇಕಿತ್ತು, ತಡೆಯಲೇ ಇಲ್ಲ. ಶಶಿಕಾಂತಣ್ಣ ತೋರಿಸಿದ ಆ ಎಣಿಕೆ ನಾನು ಕಣ್ಣಾರೆ ಕಂಡದ್ದು. ಕಂಡದ್ದು ಇಲ್ಲಿ ಇರಲಿಲ್ಲ.

ಮರುದಿನ ಅಂಗಡಿಯಲ್ಲಿ ರಿಪೇರಿಗೆ ಬಂದ ಒಂದು ಹಳೆಯ ಪೆಟ್ಟಿಗೆಯೂ ಮಾರಾಟಕ್ಕೆ ಸಿದ್ಧವಾದ ಒಂದು ಹೊಸ ಪೆಟ್ಟಿಗೆಯೂ ಇದ್ದವು. ಎರಡರ ಚಿಪ್‌ನಿಂದಲೂ ಪ್ರೋಗ್ರಾಮನ್ನು ವಾಪಸ್ ಓದಿಕೊಂಡೆ. ಬರೆದದ್ದಲ್ಲ, ಕಂಪೈಲರ್ ಮಾಡಿಟ್ಟದ್ದು. ಚಿಪ್‌ನ ಅಂಕಿಗಳನ್ನು ಆಣತಿಗಳಾಗಿ ಬಿಡಿಸಿ ತೋರಿಸುವ ಸಾಧನ ಲ್ಯಾಪ್‌ಟಾಪ್‌ನಲ್ಲಿತ್ತು. ಕೆಟ್ಟ ಬೋರ್ಡು ಬಂದಾಗ ಅದನ್ನು ಹೇಗೆ ಓದಬೇಕೆಂದು ಶಶಿಕಾಂತಣ್ಣನೇ ಕಲಿಸಿದ್ದರು. ಅದರಲ್ಲಿ ನನ್ನನ್ನು ಹೆದರಿಸುವ ಉದ್ದ ಇಂಗ್ಲಿಷ್ ಇರಲಿಲ್ಲ. ಮೂರ್ನಾಲ್ಕು ಅಕ್ಷರದ ಆಣತಿಗಳು ಮಾತ್ರ. ತೆಗೆದುಕೋ, ಕೂಡು, ಹೋಲಿಸು, ಜಿಗಿ. ಹೆಸರುಗಳೆಲ್ಲ ಅಳಿಸಿಹೋಗಿರುತ್ತವೆ, ಆದ್ದರಿಂದ ಯಾವುದು ಏನು ಎಂದು ನಡವಳಿಕೆಯಿಂದ ಗುರುತಿಸಬೇಕು. ಮದುವೆ ಮನೆಯಲ್ಲಿ ಗುರುತಿಲ್ಲದವರನ್ನು ನೋಡಿ, ಇವರು ಗಂಡಿನ ಕಡೆಯವರು, ಇವರು ಅಡುಗೆಯವರು ಎಂದು ತಿಳಿಯುವ ಹಾಗೆ. ಜಿಗಿತ ಹಿಂದಕ್ಕೆ ಹೋದರೆ ಅಲ್ಲೊಂದು ಪುನರಾವರ್ತನೆ ಇದೆ ಎಂದರ್ಥ.

ಹಳೆಯದರಲ್ಲಿ ಸುರುಳಿಗೆ ಆಣತಿ ಹೋಗುವ ಜಾಗ ಸಿಕ್ಕಿತು. ಅದರ ಕೆಳಗೆ ಒಂದು ಕೂಡು, ಒಂದು ಹೋಲಿಸು, ಒಂದು ಹಿಂದಕ್ಕೆ ಜಿಗಿ. ಎಣಿಕೆ. ಅದರ ಕೆಳಗೆ ಮೊಳೆ ಬಿಡುವ ಆಣತಿ.

ಹೊಸದರಲ್ಲಿ ಅದೇ ಜಾಗ ಹುಡುಕಿದೆ. ಸುರುಳಿಗೆ ಆಣತಿ ಇತ್ತು. ಅದಕ್ಕೆ ಅಂಟಿಕೊಂಡೇ ಮೊಳೆ ಬಿಡುವ ಆಣತಿ ಇತ್ತು. ನಡುವೆ ಏನೂ ಇರಲಿಲ್ಲ.

ತಪ್ಪು ಜಾಗ ನೋಡುತ್ತಿದ್ದೇನೆಂದುಕೊಂಡು ಮೇಲಿನಿಂದ ಮತ್ತೆ ಬಂದೆ. ಅದೇ ಚಿಪ್ ಇನ್ನೊಮ್ಮೆ ಓದಿದೆ. ಇಲ್ಲವೇ ಇಲ್ಲ. ಪಕ್ಕದಲ್ಲಿ ಶಶಿಕಾಂತಣ್ಣ ಬರೆದದ್ದು ತೆರೆದಿತ್ತು. ಅಲ್ಲಿ ಎಣಿಕೆ ಕಲ್ಲಿನಂತೆ ಕೂತಿತ್ತು. ಬರೆದ ಮಾತೊಂದು ದಾರಿಯಲ್ಲೇ ಹೀಗೆ ಇಲ್ಲವಾಗಬಹುದು, ಯಾರೂ ಅಳಿಸದೆ ಅಳಿಸಿಹೋಗಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

"ಅಣ್ಣ" ಎಂದು ಕರೆದೆ. ಮತ್ತೆ ಕರೆದೆ.

ಅವರು ಬಂದು ಬಗ್ಗಿ ನೋಡಿದರು. ನನ್ನನ್ನು ಸರಿಸಿ ಕೂತರು. ಮೇಲೆ ಹೋದರು, ಕೆಳಗೆ ಬಂದರು. ಗಿರಾಕಿಯೊಬ್ಬ ಚಾರ್ಜರ್ ಕೇಳಿದ, ಉತ್ತರ ಬರದೆ ಹೊರಟುಹೋದ.

"ತಿಂದ್‌ಬಿಟ್ಟೈತೆ" ಎಂದರು ಕೊನೆಗೆ.

"ಯಾರಣ್ಣ?"

"ಕಂಪೈಲರ್. ಹೊಸ ಲ್ಯಾಪ್‌ಟಾಪಿಗೆ ಹೊಸದು ಹಾಕ್ದೆ ನೋಡು. ಬಣ್ಣದ ಪರದೆ ಸೇರಿಸಿದ್ಮೇಲೆ ಚಿಪ್‌ನಾಗೆ ಜಾಗ ಸಾಲಲಿಲ್ಲ. ಚಿಕ್ಕದು ಮಾಡು ಅಂತ ಟಿಕ್ ಮಾಡಿದ್ದೆ." ಮುಖ ಒರೆಸಿಕೊಂಡರು. "ಅದು ಸುಮ್ಮನೆ ತೂತು ಹೊಡೆಯೋ ಕೆಲಸ ಮಾಡಲ್ಲ ಕಣಮ್ಮ. ಮೊದಲು ಎಲ್ಲಾ ಓದಿ ಅರ್ಥ ಮಾಡ್ಕಂತದೆ. ಯಾವ ಬೆಲೆ ಎಲ್ಲಿಂದ ಬಂತು, ಮುಂದೆ ಯಾರಿಗೆ ಬೇಕು ಅಂತ ನೋಡ್ತದೆ. ಯಾರಿಗೂ ಬ್ಯಾಡದ್ದನ್ನ ಕಿತ್ತಾಕ್ತದೆ. ಈ ಎಣಿಕೆ ನೋಡಿತು. ಎಣಿಸಿದ್ದನ್ನ ಮುಂದೆ ಯಾರೂ ಕೇಳಲ್ಲ. ದಂಡ ಅಂತ ತೆಗೀತು."

"ಆದ್ರೆ ಅದು ಕಾಯೋಕೆ ಅಂತ ಇಟ್ಟಿದ್ದಲ್ವಾ?"

"ಕಾಯೋದು ಅದಕ್ಕೆ ಲೆಕ್ಕಕ್ಕಿಲ್ಲ. ಉತ್ತರ ಅದೇ ಬಂದ್ರೆ ಸಾಕು, ಬೇಗ ಬಂದ್ರೆ ಇನ್ನೂ ಒಳ್ಳೇದು. ಅದರ ತಪ್ಪಿಲ್ಲ. ಇದನ್ನ ಮುಟ್ಟಬ್ಯಾಡ ಅಂತ ನಾನು ಒಂದು ಪದ ಬರೀಬೇಕಿತ್ತು. ಒಂದೇ ಪದ." ಅವರು ಆ ಪದವನ್ನು ಎಣಿಕೆಯ ಹಿಂದೆ ಬರೆದು, ಮತ್ತೆ ಕಂಪೈಲ್ ಮಾಡಿ ಬಿಡಿಸಿ ತೋರಿಸಿದರು. ಹಿಂದಕ್ಕೆ ಜಿಗಿಯುವ ಆಣತಿ ವಾಪಸ್ ಬಂದಿತ್ತು. "ಬೆಳಿಗ್ಗೆ ಸುರುಳಿ ತಣ್ಣಗಿರ್ತದೆ, ಬೇಗ ಎಳೀತದೆ, ನಡೆದುಹೋಗ್ತದೆ. ಮಧ್ಯಾಹ್ನ ಬಿಸಿಯಾಗಿ ನಿಧಾನ ಆಗ್ತದೆ. ಪೆಡಲು ನುಣ್ಣಗಾಯ್ತು ಅಂತ ಎಲ್ರೂ ಹೊಗಳಿದ್ರಲ್ಲ, ನಾನು ಹೊಸ ಸ್ಪ್ರಿಂಗ್ ಹಾಕಿದ್ದಕ್ಕೆ ಅಂದ್ಕಂಡಿದ್ದೆ."

ಅವ್ವನ ಕಾಲು ನೆನಪಾಯಿತು. ಕಂಪೈಲರ್ ಕಿತ್ತುಹಾಕಿದ ಅರೆಗಳಿಗೆಯನ್ನು ಅವಳು ದಿನವೂ ತನ್ನ ಕಾಲಿನಿಂದ ವಾಪಸ್ ಹಾಕುತ್ತಿದ್ದಳು. ಹಾಕಿ, ಅದನ್ನೇ ತನ್ನ ಮುಪ್ಪು ಎಂದುಕೊಂಡಿದ್ದಳು.

"ನಾಳೆ ಮಾವನ ಶೆಡ್ಡಿಗೆ ಹೋಗಿ ಮೊದಲು ನಿಮ್ಮವ್ವನ ಪೆಟ್ಟಿಗೇನೇ ಸರಿ ಮಾಡಾಣ" ಎಂದರು ಶಶಿಕಾಂತಣ್ಣ. ಆಮೇಲೆ ದನಿ ತಗ್ಗಿಸಿದರು. "ಕಾರಣ ಹೇಳೋದು ಬ್ಯಾಡ, ಸ್ವಪ್ನ. ಸರ್ವಿಸ್ ಅಂತ ಹೇಳಿ ಒಂದೊಂದೇ ಮನೇದು ಬದಲಾಯಿಸ್ಕಂಡು ಬರಾಣ. ಹೇಳಿದ್ರೆ ನಾಳಿಂದ ನನ್ನ ಪೆಟ್ಟಿಗೆ ಯಾರೂ ಮುಟ್ಟಲ್ಲ. ಸರಿಹೋದ್ರೆ ಸಾಕಲ್ವಾ?"

ಸಾಕು ಎನಿಸಿತು. ತಲೆಯಾಡಿಸಿದೆ.

ಮನೆಗೆ ವಾಪಸಾಗುವ ಬಸ್ಸು ತಳಕು ಎಂಬ ಊರು ದಾಟುವಾಗ ಹೊಳೆಯಿತು. ನಾಳೆಯೇ ಗಂಗರಾಜು ಹೊಸ ಸೀರೆಗೆ ಕೂರುವ ದಿನ. ನಾವು ಮೊದಲೇ ಸರಿ ಮಾಡಿಬಿಟ್ಟರೆ ಅವನ ನವಿಲು ಒಂದೂ ಮುರಿಯುವುದಿಲ್ಲ. ಮಗ್ಗ ಅದೇ, ಪೆಟ್ಟಿಗೆ ಅದೇ, ಬದಲಾದದ್ದು ಸಿದ್ದಕ್ಕ ಮಾತ್ರ ಎಂದಾಗುತ್ತದೆ. ನಮ್ಮ ರಿಪೇರಿಯೇ ಅವ್ವನ ಮೇಲೆ ಹೊರಿಸಿದ್ದನ್ನು ಖಾತ್ರಿ ಮಾಡಿಬಿಡುತ್ತದೆ. ಸೀಟಿನ ಮುಂದಿನ ಕಂಬಿ ಹಿಡಿದುಕೊಂಡು ಕೂತೆ. ಪಕ್ಕದ ಹೆಂಗಸು, "ವಾಂತಿ ಬರ್ತೈತೇನವ್ವ?" ಎಂದು ಕೇಳಿ ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಮರುದಿನ ಶಶಿಕಾಂತಣ್ಣ ಬೈಕಿನಲ್ಲಿ ಬಂದು ಶೆಡ್ಡಿನ ಬಾಗಿಲಲ್ಲಿ ಸೇರಿದರು. ಗಂಗರಾಜು ಆಗಲೇ ಕೂತಿದ್ದ. ರಾಯದುರ್ಗದ ಕಡೆಯವನು, ಕೈ ಬಹಳ ಚುರುಕು. ಮೊದಲ ನವಿಲು ತಲೆಯೆತ್ತಿ ನಿಂತಿತ್ತು. ಅವ್ವ ಮೂಲೆಯಲ್ಲಿ ರಾಟೆಯ ಮುಂದೆ ಕಂಡಿಕೆ ಸುತ್ತುತ್ತಿದ್ದಳು.

"ನೋಡಿದ್ಯಾ ಸಿದ್ದಕ್ಕ, ಕತ್ತು ಹೆಂಗೈತೆ" ಎಂದರು ಓಂಕಾರಮೂರ್ತಿಯವರು.

"ಚೆನ್ನಾಗೈತ್ರಿ" ಎಂದಳು ಅವ್ವ, ರಾಟೆ ನಿಲ್ಲಿಸದೆ.

"ಏನ್ಲೇ ಶಶಿ, ಇದ್ದಕ್ಕಿದ್ದಂಗೆ?"

"ಸರ್ವಿಸ್ ಮಾವ." ಶಶಿಕಾಂತಣ್ಣ ಲ್ಯಾಪ್‌ಟಾಪ್ ನನ್ನ ಕೈಗೆ ಕೊಟ್ಟರು. "ಹಾಕಮ್ಮ."

ವೈರು ನನ್ನ ಕೈಯಲ್ಲಿತ್ತು. ಶೆಡ್ಡಿನವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಎನಿಸಿತು. "ಊಟ ಆದ್ಮೇಲೆ ಹಾಕ್ತೀನಣ್ಣ" ಎಂದೆ.

ಅವರು ನನ್ನ ಮುಖ ನೋಡಿದರು. ನಾನು ಯಾಕೆ ತಡ ಮಾಡುತ್ತಿದ್ದೇನೆಂದು ಅವರಿಗೆ ತಿಳಿಯಿತು. ವೈರಿಗೆ ಕೈ ಚಾಚಿದರು. ಅಷ್ಟರಲ್ಲಿ ಓಂಕಾರಮೂರ್ತಿಯವರೇ, "ಹೂಂ, ಒಳ್ಳೇ ಓಟದಾಗೈತೆ ಮಗ್ಗ, ಈಗ ನಿಲ್ಲಿಸಬ್ಯಾಡ್ರಿ. ಊಟ ಆಗ್ಲಿ" ಎಂದರು. ಶಶಿಕಾಂತಣ್ಣನ ಕೈ ಹಿಂದಕ್ಕೆ ಹೋಯಿತು. ಆಮೇಲೆ ಮಧ್ಯಾಹ್ನದವರೆಗೂ ಅವರು ನನ್ನ ಜೊತೆ ಮಾತಾಡಲಿಲ್ಲ.

ಊಟವಾಯಿತು. ಶೀಟು ಕಾದು ಚಟಚಟ ಸದ್ದು ಮಾಡತೊಡಗಿತು. ಗಂಗರಾಜು ತೆಲುಗಿನಲ್ಲಿ ಏನೋ ಗುನುಗುತ್ತ ಬಂದು ಕೂತು ತುಳಿಯತೊಡಗಿದ. ನಾನು ಎಳೆಗಳ ಮೇಲಿನ ಕಣ್ಣು ತೆಗೆಯಲಿಲ್ಲ. ನವಿಲಿನ ಕಾಲು ಬಂತು, ಮೈ ಬಂತು. ಕತ್ತಿನ ತಿರುವಿನಲ್ಲಿ ಕೆಲವು ಎಳೆ ಏಳಲಿಲ್ಲ. ಅವನು ನೋಡದೆ ಮುಂದೆ ಹೋದ. ತಲೆ ಪಕ್ಕಕ್ಕೆ ಕೂತ ಮೇಲೆ ಅವನ ಕಾಲು ನಿಂತಿತು.

"ಏಮೈಂದಿ ಇದಿ" ಎಂದ ತನ್ನಷ್ಟಕ್ಕೆ, ಇದೇನಾಯ್ತು ಎಂಬಂತೆ.

ಓಂಕಾರಮೂರ್ತಿಯವರು ಬಂದರು. ಈ ಸಲ ಯಾರೂ ನಗಲಿಲ್ಲ.

"ನಿದ್ದೆ ಬಂತಾ ಗಂಗ?"

"ನಿದ್ದೆ ಎಲ್ಲಿ ಸಾಮಿ. ನಾನು ಸರಿಯಾಗೇ ತುಳಿದೆ. ಇದೇ ತಪ್ತು."

ಅವರು ಮುರಿದ ಕತ್ತಿನ ಮೇಲೆ ಬೆರಳಾಡಿಸಿದರು. ಮೂಲೆಯಲ್ಲಿದ್ದ ಅವ್ವನನ್ನು ನೋಡಿದರು. ರಾಟೆ ನಿಂತಿತ್ತು.

"ಮಾವ" ಎಂದರು ಶಶಿಕಾಂತಣ್ಣ. "ಗಂಗರಾಜುದಲ್ಲ. ಸಿದ್ದಕ್ಕಂದೂ ಆಗಿರ್ಲಿಲ್ಲ. ಪೆಟ್ಟಿಗೇದು. ನನ್ನದು." ಎಲ್ಲ ಹೇಳಿದರು. ಎಣಿಕೆ, ಕಂಪೈಲರ್, ಬಿಸಿಯಾದ ಸುರುಳಿ. ಪೆಡಲು ಯಾಕೆ ನುಣ್ಣಗಾಯಿತು ಎಂಬುದನ್ನೂ ಹೇಳಿದರು.

ಓಂಕಾರಮೂರ್ತಿಯವರು ಬೈಯುತ್ತಾರೆಂದು ಕಾದೆ. ಅವರು ನೂಲಿನ ಗಂಟಿನ ಮೇಲೆ ಕೂತುಬಿಟ್ಟರು. "ರಾಂಪುರದಾಗೆ ನೇಯ್ತಿದ್ದ ನಿಂಗಕ್ಕ ಅನ್ನೋಳ್ನ ಮಗ್ಗ ಬಿಡಿಸಿದ್ರು" ಎಂದರು. "ಅಲ್ಲಿ ಸಾವ್ಕಾರ್ರು ಸಲಹೆ ಕೇಳೋಕೆ ಬಂದಿದ್ರು ನನ್ನತ್ರ. ನಮ್ಮಲ್ಲೂ ಹಂಗೇ ಆಗೈತೆ, ವಯಸ್ಸಾದೋರ್ನ ಕೂರಿಸಬ್ಯಾಡ್ರಿ ಅಂತ ನಾನೇ ಹೇಳಿ ಕಳಿಸ್ದೆ." ಅವರ ಬಾಯಿ ತೆರೆದೇ ಇತ್ತು. "ಇನ್ನೂ ಎಷ್ಟು ಮನೇಗೆ ಮಾರಿಸ್ದೆನೋ ನಾನು."

"ನಾಳೆ ಮೊದಲು ರಾಂಪುರಕ್ಕೆ ಹೋಗ್ತೀನಿ ಮಾವ. ಹೇಳೇ ಹಾಕ್ತೀನಿ."

"ನಾನೂ ಬರ್ತೀನಿ."

ಅವ್ವ ಎದ್ದು ಮಗ್ಗದ ಬಳಿ ಬಂದಳು. ಅವಳು ನನ್ನ ಕೈ ಹಿಡಿಯುತ್ತಾಳೆ ಎಂದುಕೊಂಡೆ. ಅವಳು ಮುರಿದ ನವಿಲನ್ನು ನೋಡಿದಳು, ಆಮೇಲೆ ನನ್ನ ಕೈಯಲ್ಲಿದ್ದ ವೈರನ್ನು.

"ನಿಂಗೆ ಬೆಳಿಗ್ಗೆನೇ ಗೊತ್ತಿತ್ತಾ?"

ತಲೆಯಾಡಿಸಿದೆ.

"ಗೊತ್ತಿದ್ದೂ ಕೆಡಲಿ ಅಂತ ಬಿಟ್ಯಾ? ರೇಷ್ಮೇನಾ?"

ಅವಳು ಜೋರಾಗಿ ಹೇಳಲಿಲ್ಲ. ಅವಳ ಕಣ್ಣಲ್ಲಿದ್ದುದು ಸಿಟ್ಟೂ ಅಲ್ಲ. ಯಾರೋ ಗುರುತಿಲ್ಲದವಳನ್ನು ಕಂಡಂತೆ ನನ್ನನ್ನು ನೋಡಿದಳು. ನಿನಗೋಸ್ಕರ ಅವ್ವ ಎನ್ನಬೇಕಿತ್ತು.

"ಏಳಪ್ಪ ಗಂಗರಾಜು" ಎಂದಳು. ಅವನು ಓಂಕಾರಮೂರ್ತಿಯವರ ಮುಖ ನೋಡಿದ. ಅವನು ಎದ್ದ. ಅವ್ವ ಗುಣಿಗೆ ಕಾಲಿಳಿಸಿ, ಸೂಜಿ ತೆಗೆದುಕೊಂಡು, ಕೆಟ್ಟ ಹೊಕ್ಕುಗಳನ್ನು ಎಳೆ ತುಂಡಾಗದ ಹಾಗೆ ಒಂದೊಂದಾಗಿ ಬಿಚ್ಚತೊಡಗಿದಳು. ಅವಳನ್ನು ಕೂರು ಎಂದವರೂ ಇಲ್ಲ, ಬೇಡ ಎಂದವರೂ ಇಲ್ಲ.

"ಇನ್ನ ನಾನೇನು ಮಾಡ್ಲಿ?" ಎಂದ ಗಂಗರಾಜು.

"ಜರಿ ಹಿಡ್ಕ. ಬಿಗಿ ಮಾಡಬ್ಯಾಡ" ಎಂದಳು ಅವ್ವ. ಆಮೇಲೆ ನನಗೆ, ತಲೆಯೆತ್ತದೆ, "ಅದೇನು ಹಾಕಬೇಕೋ ನಾನು ಬಿಚ್ಚಿ ಮುಗಿಸೋದ್ರೊಳಗೆ ಹಾಕು."

ಪೆಟ್ಟಿಗೆಯ ಮುಚ್ಚಳ ತೆಗೆದು ವೈರು ಸಿಕ್ಕಿಸಿದೆ. ಮೊದಲ ಸಲ ಸರಿಯಾಗಿ ಕೂರಲಿಲ್ಲ.